ಗಡವ ಒಯ್ದ ಲೈಸೆನ್ಸು

ಹೊಳೆನರಸೀಪುರದಲ್ಲಿ ನನಗೆ ಎರಡು ಥರದ ಕೇಳುಗರಿದ್ದಾರೆ. ಮದುವೆ ಆರತಕ್ಷತೆಗಳಲ್ಲಿ ನಾನು ಮಿಮಿಕ್ರಿ ಮಾಡುವಾಗ, ಊಟದ ಹಾಲಿನ ಬಾಗಿಲು ತೆರೆಯುವ ತನಕ ವಿಧಿಯಿಲ್ಲದೆ ಕುಳಿತಿರುವವರು ಒಂದು ಥರ. ಇನ್ನೊಂದು ಥರ ಕೋತಿಗಳು. ಮೊದಲನೆಯವರು ಚಪ್ಪಾಳೆ ತಟ್ಟುತ್ತಾರೆ, ಆದರೆ ನಂಬುವುದಿಲ್ಲ. ಕೋತಿಗಳು ಚಪ್ಪಾಳೆ ತಟ್ಟುವುದಿಲ್ಲ, ಆದರೆ ಪೂರ್ತಿ ನಂಬುತ್ತವೆ. ಕಲಾವಿದನಿಗೆ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಎರಡನೆಯದೇ ಅನ್ನುತ್ತೇನೆ. ಆ ನಂಬಿಕೆಯಿಂದಲೇ ಒಂದು ಶನಿವಾರ ಬೆಳಿಗ್ಗೆ ನನ್ನ ಅಕ್ಕನಿಗೆ ಸಿಗಬೇಕಾದ ಕೆಲಸ ಹುಣಸೇಮರ ಹತ್ತಿ ಕುಳಿತಿತ್ತು.

ನಮ್ಮ ಮನೆ ಊರಿನ ಅಂಚಿನ ಹೊಸ ಬಡಾವಣೆಯಲ್ಲಿದೆ. ಬಡಾವಣೆ ಎಂದರೆ ಒಂದು ಸೈಟಿನಲ್ಲಿ ಮನೆ, ಪಕ್ಕದ ಎರಡರಲ್ಲಿ ಲಂಟಾನ. ಹಿಂದೆ ಇದು ರಾಗಿ ಹೊಲವಾಗಿತ್ತು. ಹೊಲದವರು ರಿಜಿಸ್ಟರ್ ಮಾಡಿಸಿಕೊಟ್ಟು ಹೋದರು. ಹೊಲದಲ್ಲಿ ವಾಸವಿದ್ದ ಬೇರೆಯವರು ಹೋಗಲಿಲ್ಲ, ಯಾಕೆಂದರೆ ಅವರ ಸಹಿಯನ್ನು ಯಾರೂ ಹಾಕಿಸಿಕೊಂಡಿರಲಿಲ್ಲ. ನವಿಲೊಂದು ನಿಲ್ಲಿಸಿದ ಕಾರಿನ ಗಾಜಿನಲ್ಲಿ ತನ್ನನ್ನೇ ನೋಡಿ ಅರ್ಧ ಗಂಟೆ ಜಗಳವಾಡುತ್ತದೆ. ಮುಂಗುಸಿ ಮೀಟರ್ ಓದುವವನ ಹಾಗೆ ಮನೆಮನೆಯ ಗೋಡೆಯ ಬುಡ ನೋಡಿಕೊಂಡು ಹೋಗುತ್ತದೆ. ಒಮ್ಮೆ ಕೇರೆಹಾವು ನನ್ನ ಬೈಕಿನ ಚಕ್ರದ ಹತ್ತಿರ ಮಲಗಿತ್ತು. ಆಗ ನಾನು ಹಾಕಿದ ಕೂಗು ಯಾರ ಅನುಕರಣೆಯೂ ಅಲ್ಲ, ಸ್ವಂತದ್ದು. ಚಿರತೆ ಮಾತ್ರ ನಮ್ಮಲ್ಲಿ ವಾಟ್ಸಪ್ಪಿನಲ್ಲಿದೆ. ಅದೇ ಚಿರತೆ, ಅದೇ ಕಾಂಪೌಂಡು, ಅದೇ ನಾಯಿ; ಸೋಮವಾರ ಅರಕಲಗೂಡಿನದು ಅಂತ ಬಂದರೆ ಗುರುವಾರ ಚನ್ನರಾಯಪಟ್ಟಣದ್ದು ಅಂತ ಬರುತ್ತದೆ.

ದಿನವೂ ಬರುವವು ಕೋತಿಗಳು. ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ತೆಗೆದು ಈಜುತ್ತವೆ, ಹಪ್ಪಳ ಒಣಗುವ ಮುಂಚೆಯೇ ರುಚಿ ನೋಡಿ ಉಪ್ಪು ಸಾಲದು ಎಂಬಂತೆ ಎಸೆಯುತ್ತವೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಯಾರೋ ಹೇಳಿದರು ಅಂತ ಹಾಸನದ ಅಂಗಡಿಯಿಂದ ಒಂದು ಹುಲಿ ಗೊಂಬೆ ತಂದು ತಾರಸಿಯ ಮೇಲೆ ಕೂರಿಸಿದರು. ಎರಡು ದಿನ ಕೋತಿಗಳು ಹೆದರಿದವು. ಮೂರನೇ ದಿನ ಒಂದು ಮರಿ ಬಂದು ಹುಲಿಯ ಬಾಲ ಎಳೆಯಿತು. ನಾಲ್ಕನೇ ದಿನ ಹುಲಿಯ ಹತ್ತಿಯೆಲ್ಲ ನಮ್ಮ ಅಂಗಳದಲ್ಲಿತ್ತು. ಮೇಷ್ಟ್ರು ಅದನ್ನು ಆಯ್ದು ಚೀಲಕ್ಕೆ ತುಂಬುತ್ತ, ಪಾಠ ಬರೆಸುವ ದನಿಯಲ್ಲಿ, "ಪ್ರಾಣಿಗಳಲ್ಲಿ... ಭಯ ಎಂಬುದು... ಶಾಶ್ವತವಲ್ಲ," ಎಂದರು. ನಾನು ಅದೇ ದನಿಯಲ್ಲಿ, "ಪೂರ್ಣವಿರಾಮ," ಅಂದೆ. ಅವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಹುಲಿ ಸೋತ ಮೇಲೆ ಬಡಾವಣೆಗೆ ನಾನೇ ಗತಿಯಾದೆ. ಕೋತಿಗಳ ಗುಂಪಿನಲ್ಲಿ ಕಾವಲು ಕೂರುವ ಒಂದು ಇರುತ್ತದೆ. ಅಪಾಯ ಕಂಡರೆ ಅದು ಗಂಟಲಿನ ಬುಡದಿಂದ "ಖ್ಯಾಕ್" ಅಂತ ಒಂದು ಸದ್ದು ತೆಗೆಯುತ್ತದೆ. ಕೇಳಿದ ಕ್ಷಣ ಎಲ್ಲವೂ ಎತ್ತರದ ಜಾಗಕ್ಕೆ ಓಡುತ್ತವೆ. ತಾರಸಿಯ ಮೇಲೆ ಕುಳಿತು ನಾನು ಆ ಸದ್ದನ್ನು ಎರಡು ತಿಂಗಳು ಅಭ್ಯಾಸ ಮಾಡಿದೆ. ಅವ್ವ ಗಂಟಲುನೋವು ಅಂತ ತಿಳಿದು ಕಷಾಯ ಕುಡಿಸಿದಳು. ಕೊನೆಗೆ ಒಂದು ದಿನ ನಾನು "ಖ್ಯಾಕ್" ಅಂದಾಗ ಹದಿನೈದು ಕೋತಿಗಳು ಹಪ್ಪಳ ಬಿಟ್ಟು ಎದುರು ಖಾಲಿ ಸೈಟಿನ ಹುಣಸೇಮರಕ್ಕೆ ಹಾರಿದವು. ಅವತ್ತಿನಿಂದ ಯಾರ ಮನೆಯಲ್ಲಿ ಹಪ್ಪಳ ಒಣಗಿಸಿದರೂ ನನಗೊಂದು ಲೋಟ ಕಾಫಿ ಖಾಯಂ ಆಯಿತು. ಎಷ್ಟೋ ಬಿ.ಎ. ಪಾಸಾದವರಿಗೆ ಈ ಮರ್ಯಾದೆ ಇಲ್ಲ. ನನಗೆ ಗೊತ್ತು, ನಾನೂ ಬಿ.ಎ.

ಇನ್ನು ಅಕ್ಕ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಮಾತು ನನಗಿಂತ ಎಪ್ಪತ್ತು ಪಾಲು ಕಡಿಮೆ. ರಾಮನಾಥಪುರದ ಹತ್ತಿರ ನಮ್ಮ ಸೋದರಮಾವನದು ಹೊಗೆಸೊಪ್ಪಿನ ಬೇಸಾಯ. ಕಾಲೇಜು ರಜೆಯಲ್ಲಿ ಅಲ್ಲಿಗೆ ಹೋದವಳು ಟ್ರ್ಯಾಕ್ಟರ್ ಕಲಿತಳು. ಆಮೇಲೆ ಬೇಲು ಕಟ್ಟಿದ ಸೊಪ್ಪನ್ನು ಹರಾಜು ಕಟ್ಟೆಗೆ ಒಯ್ಯುವ ಮಿನಿ ಲಾರಿ ಕಲಿತಳು. ಸೊಪ್ಪಿನ ಲೋಡು ಅಂದರೆ ಹುಷಾರು ಬೇಕು: ಜೋರಾಗಿ ಬ್ರೇಕ್ ಹಾಕಿದರೆ ಸೊಪ್ಪು ಪುಡಿಯಾಗುತ್ತದೆ, ಪುಡಿಯಾದರೆ ದರ್ಜೆ ಬೀಳುತ್ತದೆ. ಹಾಗಾಗಿ ಅಕ್ಕನ ಗಾಡಿಯಲ್ಲಿ ಕುಳಿತವರಿಗೆ ಗಾಡಿ ನಿಂತದ್ದು ಗೊತ್ತಾಗುವುದು ಇಂಜಿನ್ ಆಫ್ ಆದ ಮೇಲೆ. ದೊಡ್ಡ ವಾಹನದ ಲೈಸೆನ್ಸ್ ಮಾಡಿಸಿದಳು. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಳು. ಹೋದ ಸಲ ಲಿಖಿತ ಪರೀಕ್ಷೆಯಲ್ಲೇ ಹೋಯಿತು. ಈ ಸಲ ಪಾಸಾಗಿ ಓಡಿಸುವ ಪರೀಕ್ಷೆಗೆ ಕರೆ ಬಂದಿತ್ತು: ಶನಿವಾರ, ಹಾಸನದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ, ಕರೆಪತ್ರ ಮತ್ತು ಮೂಲ ಲೈಸೆನ್ಸಿನ ಸಮೇತ. ತಪ್ಪಿದರೆ ಮತ್ತೊಂದು ದಿನ ಇಲ್ಲ ಅಂತ ಪತ್ರದಲ್ಲೇ ದಪ್ಪ ಅಕ್ಷರದಲ್ಲಿತ್ತು. ಮುಂದಿನ ಸಲ ಅರ್ಜಿ ಹಾಕುವ ಹೊತ್ತಿಗೆ ಅವಳ ವಯಸ್ಸು ಮಿತಿ ದಾಟಿರುತ್ತಿತ್ತು.

ಶನಿವಾರ ನಮ್ಮ ಮನೆಯಲ್ಲಿ ಆಂಜನೇಯನ ವಾರ. ಅವ್ವ ಐದಕ್ಕೇ ಎದ್ದು, ಕರೆಪತ್ರ ಮತ್ತು ಲೈಸೆನ್ಸ್ ಇದ್ದ ಪ್ಲಾಸ್ಟಿಕ್ ಕವರನ್ನು ಆಂಜನೇಯನ ಪಟದ ಮುಂದಿಟ್ಟು, ಅದಕ್ಕೆ ಕುಂಕುಮ ಹಚ್ಚಿ, ಪಕ್ಕದಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟಳು. ಅಷ್ಟಕ್ಕೆ ಬಿಡಲಿಲ್ಲ. ಒಳ್ಳೆ ಕೆಲಸಕ್ಕೆ ಹೊರಡುವವರು ಇರುವ ಮನೆಯ ಮುಂಬಾಗಿಲು ಮುಚ್ಚಿರಬಾರದು ಅಂತ ಬಾಗಿಲನ್ನೂ ಹಾರು ಹೊಡೆದಳು. ಗ್ರಿಲ್ಲಿನ ಚಿಲಕ ತೆಗೆದಳು. ಕೋತಿಗಳು ಓಡಾಡುವ ಬೀದಿಯಲ್ಲಿ ಇದನ್ನು ಆಹ್ವಾನ ಪತ್ರಿಕೆ ಅನ್ನುತ್ತಾರೆ.

ಏಳು ಗಂಟೆಗೆ ನಾನು ಹಲ್ಲುಜ್ಜುತ್ತಿದ್ದೆ. ಅಕ್ಕ ಖಾಕಿ ಬಣ್ಣದ ಚೂಡಿದಾರ ಹಾಕಿಕೊಂಡು ಶೂ ದಾರ ಕಟ್ಟುತ್ತಿದ್ದಳು. ಅವ್ವ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಆಗ ಗುಂಪಿನ ಯಜಮಾನ, ಒಂದು ಕಿವಿ ಹರಿದ ಗಡವ ಕೋತಿ, ನೆಂಟರ ಹಾಗೆ ಮುಂಬಾಗಿಲಿನಿಂದಲೇ ನಡೆದು ಬಂದ. ದೇವರ ಮುಂದೆ ಕುಳಿತ. ಒಂದು ಹಣ್ಣು ಅಲ್ಲೇ ತಿಂದ, ಎರಡು ದವಡೆಗೆ ತುರುಕಿದ. ಅಕ್ಕ "ಉಶ್" ಅಂದಳು. ಅವನು ಕವರನ್ನು ಎತ್ತಿ ಮೂಸಿ, ಕಂಕುಳಿಗೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಹೊರಟ.

"ಅವ್ವಾ!" ಅಂತ ಕೂಗಿದಳು ಅಕ್ಕ. "ಲೈಸೆನ್ಸ್ ತಗಂಡೋಯ್ತು!"

ಅವ್ವ ಸೌಟಿನ ಸಮೇತ ಓಡಿ ಬಂದಳು. ಗಡವ ಕಾಂಪೌಂಡಿನ ಮೇಲೆ ಕುಳಿತು ಕವರಿನ ಬಟನ್ನನ್ನು ಹಲ್ಲಿನಲ್ಲಿ ಪರೀಕ್ಷಿಸುತ್ತಿದ್ದ. ನಾನು ಬಾಯಿತುಂಬ ಪೇಸ್ಟಿಟ್ಟುಕೊಂಡೇ ಒಂದು ಕಲ್ಲು ಎತ್ತಿಕೊಂಡೆ. ಅವ್ವ ಸೌಟಿನಿಂದ ನನ್ನ ಕೈಗೆ ಹೊಡೆದಳು.

"ಶನಿವಾರ ಕಲ್ಲೆತ್ತೀಯಾ? ಕೈ ಸೇದೋಯ್ತದೆ ನಿಂದು! ಅವನು ಯಾರು ಅಂದ್ಕಂಡಿದ್ದೀಯ? ಸಾಕ್ಷಾತ್ ಸ್ವಾಮಿ ಕಣ್ಲಾ. ಪೂಜೆ ಮಾಡಿದ್ ತಕ್ಷಣ ಬಂದವ್ನೆ. ಅರ್ಜಿ ಕೈಯಾರೆ ತಗಂಡವ್ನೆ. ಕೆಲ್ಸ ಆದಂಗೇಯ."

ಅಕ್ಕ ಕಣ್ಣು ಗಡವನ ಮೇಲೇ ಇಟ್ಟು, "ಅರ್ಜಿ ತಗಳ್ಳಿ ಬುಡವ್ವ. ಲೈಸೆನ್ಸ್ ಯಾಕ್ ಬೇಕಂತೆ ಅವನ್ಗೆ? ಅವ್ನೇನ್ ಬಸ್ ಓಡುಸ್ತಾನಾ?" ಅಂದಳು.

ಅಷ್ಟು ಹೇಳಿ, ಒಂದು ಬಾಳೆಹಣ್ಣು ಕೈಯಲ್ಲಿ ಹಿಡಿದು, ನಿಧಾನವಾಗಿ ಕಾಂಪೌಂಡಿನ ಹತ್ತಿರ ನಡೆದಳು. ಗಡವ ಹಣ್ಣನ್ನು ನೋಡಿದ. ಕವರು ಸಡಿಲವಾಯಿತು. ಅಕ್ಕನಿಗೂ ಕವರಿಗೂ ಇನ್ನು ಒಂದು ಮಾರು ದೂರ. ಈ ಹೊತ್ತಿನಲ್ಲಿ ಬುದ್ಧಿ ಇದ್ದವನು ಸುಮ್ಮನಿರುತ್ತಿದ್ದ. ಆದರೆ ಪಕ್ಕದ ತಾರಸಿಯ ಮೇಲೆ ಮೇಷ್ಟ್ರು ಬಂದು ನಿಂತಿದ್ದರು, ಎದುರು ಮನೆಯವರು ಬಾಗಿಲು ತೆಗೆದಿದ್ದರು. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಹಪ್ಪಳ ಬೀಳಿಸಿದ ಹಾಗೆ ಕವರನ್ನೂ ಬೀಳಿಸುತ್ತಾನೆ ಅಂದುಕೊಂಡು, ಪೇಸ್ಟು ಉಗಿದು, ಜೀವನದಲ್ಲೇ ಅತ್ಯುತ್ತಮವಾದ "ಖ್ಯಾಕ್" ಒಂದನ್ನು ಬಿಟ್ಟೆ.

ಗಡವ ಬೀಳಿಸಲಿಲ್ಲ. ಕವರನ್ನು ಬಾಯಿಗೆ ಕಚ್ಚಿ, ಒಂದೇ ನೆಗೆತಕ್ಕೆ ರಸ್ತೆ ದಾಟಿ, ಹುಣಸೇಮರದ ತುದಿಗೆ ಹೋದ. ಅವನ ಹಿಂದೆ ಇಡೀ ಗುಂಪು ಹೋಯಿತು. ಮರದ ತುಂಬ ಕೋತಿ, ನಡುವೆ ನಮ್ಮ ಅಕ್ಕನ ಭವಿಷ್ಯ, ಬೆಳಗಿನ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಎದುರು ಮನೆಯವರು ರಸ್ತೆಗೇ ಇಳಿದು ಮರ ನೋಡಿದರು. ಆಮೇಲೆ ಮೇಷ್ಟ್ರು, "ಅನುಕರಣೆ... ಬಹಳ ಚೆನ್ನಾಗಿತ್ತು," ಅಂದರು. ಅವರು ಇಷ್ಟು ದಿನ ಕಾದಿದ್ದ ಮಾತು ಅದು.

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ನಾನು ಅವಳ ಬೈಗುಳವನ್ನು ಅವಳ ದನಿಯಲ್ಲೇ ತಿರುಗಿಸಿ ಹೇಳಿ ನಗಿಸಿಬಿಡುತ್ತಿದ್ದೆ, ಅದು ನನ್ನ ಹಳೇ ವಿದ್ಯೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮರವನ್ನೇ ನೋಡುತ್ತ ನಿಂತಳು. ಏಳೂ ಹತ್ತು. ಹಾಸನಕ್ಕೆ ಬೈಕಿನಲ್ಲಿ ಹೋದರೂ ಹತ್ತಿರ ಹತ್ತಿರ ಒಂದು ಗಂಟೆ ಬೇಕು.

ಅಪ್ಪ ಚನ್ನರಾಯಪಟ್ಟಣದಲ್ಲಿ ತೆಂಗಿನ ನಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಆರೂವರೆಯ ಬಸ್ಸಿಗೆ ಹೋಗಿಯಾಗಿತ್ತು. ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ಅಪ್ಪಾ, ಅಕ್ಕನ್ ಲೈಸೆನ್ಸ್ ಕೋತಿ ತಗಂಡೋಗದೆ."

"ಯಾವ್ ಕೋತಿ?" ಅಪ್ಪನ ಹಿಂದೆ ಬಸ್ಸಿನ ಸದ್ದು. "ಮನೇಲಿರೋದಾ, ಮರದ್ದಾ?"

"ಮರದ್ದು."

"ಅದಾದ್ರೆ ಪರವಾಗಿಲ್ಲ, ವಾಪಸ್ ಕೊಡ್ತದೆ. ಮನೇದೇನ್ ಮಾಡ್ತೈತೆ?"

"ನಿಂತೈತೆ," ಅಂದಳು ಅಕ್ಕ.

"ಅದುನ್ನ ನಿಂತ್ಕಂಡೇ ಇರಾಕೇಳವ್ವ. ಬಾಯ್ ಬುಡಬ್ಯಾಡ ಅನ್ನು." ಫೋನು ಇಟ್ಟುಬಿಟ್ಟ. ಬಸ್ಸಿನಲ್ಲಿದ್ದರೂ, ಹದಿನೈದು ಮೈಲಿ ದೂರವಿದ್ದರೂ, ಅಪ್ಪನಿಗೆ ನಡೆದದ್ದೆಲ್ಲ ಗೊತ್ತಾಗಿತ್ತು.

ಅಷ್ಟರಲ್ಲಿ ಮರದ ತುದಿಯಲ್ಲಿ ಗಡವ ಕವರನ್ನು ತಿರುಗಿಸಿ ಮುರುಗಿಸಿ ಕಚ್ಚತೊಡಗಿದ. ಸಾಮಾನ್ಯವಾಗಿ ತಿನ್ನಲಾಗದ ವಸ್ತುವನ್ನು ಕೋತಿ ಎರಡು ನಿಮಿಷದಲ್ಲಿ ಎಸೆಯುತ್ತದೆ. ಇವನು ಎಸೆಯುತ್ತಿಲ್ಲ.

"ಯಾಕ್ ಬುಡ್ತಿಲ್ಲ ಅದು?" ಅಂದಳು ಅಕ್ಕ. ಹಾಗನ್ನುತ್ತ ಅವ್ವನ ಕಡೆ ತಿರುಗಿದಳು. ಅವ್ವ ಸೌಟಿನ ಹಿಡಿಯನ್ನು ಸೆರಗಿನಿಂದ ಒರೆಸತೊಡಗಿದ್ದಳು.

"ಅವ್ವ."

"ಏನಿಲ್ಲ ಕಣವ್ವ. ಒಂದ್ ಚೂರು... ಪ್ರಸಾದ ಅಂತ... ಅದ್ರೊಳ್ಗೇ ಇಕ್ಕಿದ್ದೆ. ದಾರೀಲಿ ಬಾಯ್ ಸೀ ಮಾಡ್ಕಳ್ಳಿ ಅಂತ."

"ಏನಿಕ್ಕಿದ್ದೆ?"

"ಒಂದಚ್ಚು ಬೆಲ್ಲ."

ನಮ್ಮವ್ವ ಲೈಸೆನ್ಸಿನ ಜೊತೆ ಬೆಲ್ಲದ ಅಚ್ಚು ಇಟ್ಟಿದ್ದಳು. ಪ್ರಪಂಚದಲ್ಲಿ ಎಷ್ಟೋ ಜನ ಕೋತಿಗೆ ಕಾಗದ ಕಳೆದುಕೊಂಡಿರಬಹುದು. ಕಾಗದಕ್ಕೆ ರುಚಿ ಹಚ್ಚಿ, ಬಾಗಿಲು ತೆಗೆದು, ಹಣ್ಣಿನ ಪಕ್ಕದಲ್ಲಿ ಇಟ್ಟು ಕೊಟ್ಟವರು ನಾವೇ ಇರಬೇಕು. ಇನ್ನು ಸ್ವಲ್ಪ ಹೊತ್ತಿಗೆ ಅವನು ಕವರು ಹರಿಯುತ್ತಾನೆ. ಹರಿದ ಮೇಲೆ ಬೆಲ್ಲ ಹೊಟ್ಟೆಗೆ, ಪತ್ರ ಗಾಳಿಗೆ, ಲೈಸೆನ್ಸು ಆ ಮರದ ಬುಡದ ಪಾಳು ಬಾವಿಗೆ. ಬಾವಿಯನ್ನು ನೋಡಿದ ಮೇಲೆ ಅವ್ವನಿಗೂ ಸ್ವಾಮಿಯ ಮೇಲಿನ ಭರವಸೆ ಸ್ವಲ್ಪ ಅಲುಗಿತು. "ಏನಾರ ಮಾಡ್ಲಾ," ಅಂದಳು ನನಗೆ. ನಾನು ಬಾಯಿ ತೆರೆದೆ.

"ಮುಚ್ಚು," ಅಂದಳು ಅಕ್ಕ.

ಅವಳು ಒಳಗೆ ಹೋಗಿ ತನ್ನ ಸ್ಟೀಲ್ ಊಟದ ಡಬ್ಬಿ ತಂದಳು. ಪಕ್ಕಕ್ಕೆ ಕ್ಲಿಪ್ಪಿರುವ ಬಿಗಿ ಮುಚ್ಚಳದ್ದು. ಹೊಗೆಸೊಪ್ಪಿನ ಹರಾಜಿಗೆ ಹೋಗುವಾಗ ಒಯ್ಯುತ್ತಿದ್ದದ್ದು. ಅದರಲ್ಲಿದ್ದ ಚಿತ್ರಾನ್ನದಿಂದ ಹುರಿದ ಕಡಲೆಬೀಜ ಆಯ್ದು ಕೂರಲು ಹೊತ್ತಿರಲಿಲ್ಲ. ಅನ್ನವನ್ನು ತಟ್ಟೆಗೆ ಸುರಿದು, ಹುರಿದಿಟ್ಟಿದ್ದ ಕಡಲೆಬೀಜವನ್ನು ಡಬ್ಬಿಗೆ ಅರ್ಧ ತುಂಬಿ, ಕ್ಲಿಪ್ಪು ಬಿಗಿದಳು. ನನ್ನ ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದಳು. ಘಲ್ ಘಲ್.

"ಬಾಳೆಹಣ್ಣಾದ್ರೆ ಒಂದ್ ಕೈಲಿ ತಿಂತಾನೆ," ಅಂದಳು. "ಇನ್ನೊಂದ್ ಕೈಲಿ ಕವರ್ ಇಟ್ಗಂಡೇ ಇರ್ತಾನೆ. ಇದ್ನ ತೆಗೀಬೇಕಾದ್ರೆ ಎರಡೂ ಕೈ ಬೇಕು."

ಮೂರು ವಾಕ್ಯ. ಅವಳು ಒಂದೇ ಬೆಳಿಗ್ಗೆ ಎರಡು ಸಲ ಅಷ್ಟು ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು.

ಖಾಲಿ ಸೈಟಿನಲ್ಲಿ, ಮರದಿಂದ ಹತ್ತು ಹೆಜ್ಜೆ ಈಚೆಗೆ, ಮನೆ ಕಟ್ಟಲು ತಂದು ಬಿಟ್ಟಿದ್ದ ಸೈಜುಗಲ್ಲುಗಳಿದ್ದವು. ಅವಳು ಒಂದು ಕಲ್ಲಿನ ಮೇಲೆ ಮರಕ್ಕೆ ಬೆನ್ನು ಮಾಡಿ ಕುಳಿತಳು. ಡಬ್ಬಿ ಅಲ್ಲಾಡಿಸಿದಳು. ತೆಗೆದು ಒಂದು ಬೀಜ ಬಾಯಿಗೆ ಹಾಕಿಕೊಂಡಳು, ಮತ್ತೆ ಕ್ಲಿಪ್ಪು ಹಾಕಿದಳು. ಅಲ್ಲಾಡಿಸಿದಳು. ಹಿಂದಿರುಗಿ ನೋಡಲೇ ಇಲ್ಲ. ಹರಾಜು ಕಟ್ಟೆಯಲ್ಲಿ ತನ್ನ ಸರದಿ ಬರುವ ತನಕ ಹೀಗೇ ಕೂರುತ್ತಿದ್ದಳು ಅಂತ ಮಾವ ಹೇಳುತ್ತಿದ್ದ.

ನಾನು ಗೇಟಿನ ಹಿಂದೆ ನಿಂತು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಿದ್ದೆ. ನಿಮಗೆ ಇದು ಸುಲಭ ಅನ್ನಿಸಬಹುದು. ಗಂಟಲಿನೊಳಗೆ ಒಂದು ಕೋತಿ, ಒಬ್ಬ ಮೇಷ್ಟ್ರು, ಮೂವರು ಮಂತ್ರಿಗಳು, ಒಂದು ಕೆಟ್ಟ ಮೋಟಾರು, ಎಲ್ಲವೂ ಹೊರಗೆ ಬರಲು ತಳ್ಳಾಡುತ್ತಿದ್ದವು. ಮೇಷ್ಟ್ರು ತಾರಸಿಯಿಂದ ನನ್ನನ್ನೇ ನೋಡುತ್ತಿದ್ದರು, ಕಾಪಿ ಹೊಡೆಯುವ ಹುಡುಗನನ್ನು ನೋಡುವ ಹಾಗೆ.

ಏಳೂ ಇಪ್ಪತ್ತೈದಕ್ಕೆ ಗಡವ ಒಂದು ಕೊಂಬೆ ಇಳಿದ. ಏಳೂ ಮೂವತ್ತಕ್ಕೆ ನೆಲಕ್ಕೆ ಬಂದ. ಕವರು ಕಂಕುಳಲ್ಲಿತ್ತು. ಅಕ್ಕ ಡಬ್ಬಿಯನ್ನು ಪಕ್ಕದ ಕಲ್ಲಿನ ಮೇಲಿಟ್ಟು, ಎದ್ದು, ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ಬೆನ್ನು ತಿರುಗಿಸಿ ನಿಂತಳು. ಅವನು ಬಂದು ಡಬ್ಬಿಯನ್ನು ಒಂದು ಕೈಯಲ್ಲಿ ಎತ್ತಿ ಅಲ್ಲಾಡಿಸಿದ. ಕಲ್ಲಿಗೆ ಕುಟ್ಟಿದ. ಕಚ್ಚಿದ. ಆಮೇಲೆ ಕವರನ್ನು ಕೆಳಗಿಟ್ಟ; ಇಟ್ಟು ಅದರ ಮೇಲೆಯೇ ಕುಳಿತುಬಿಟ್ಟ.

ಅವ್ವ "ಅಯ್ಯೋ ಸ್ವಾಮಿ" ಅಂದಳು, ಆದರೆ ಉಸಿರಿನಲ್ಲಿ.

ಎರಡೂ ಕೈ, ಒಂದು ಕಾಲು, ಅಷ್ಟೂ ಹಲ್ಲು ಹಾಕಿದ ಮೇಲೆ ಕ್ಲಿಪ್ಪು ಸಿಡಿಯಿತು. ಬೀಜ ಚೆಲ್ಲಾಪಿಲ್ಲಿಯಾಯಿತು. ಮರದ ಮೇಲಿದ್ದ ಹದಿನಾಲ್ಕು ಕೋತಿಗಳೂ ಮಳೆ ಸುರಿದ ಹಾಗೆ ಇಳಿದವು. ಯಜಮಾನ ಎದ್ದು ನಿಂತು ಹೆಂಡಿರು ಮಕ್ಕಳಿಗೆಲ್ಲ ಹಲ್ಲು ಕಿರಿಯತೊಡಗಿದ. ಆ ಗದ್ದಲದ ನಡುವೆ ಅಕ್ಕ ಓಡಲಿಲ್ಲ. ಸೊಪ್ಪಿನ ಲೋಡು ಓಡಿಸುವ ಹಾಗೇ ನಡೆದು ಹೋದಳು, ಬಗ್ಗಿ ಕವರು ಎತ್ತಿಕೊಂಡಳು, ಅದೇ ನಡಿಗೆಯಲ್ಲಿ ಹಿಂದಕ್ಕೆ ಬಂದಳು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಯಾವ ಕಾರ್ಯಕ್ರಮಕ್ಕೂ ಇಂಥ ಚಪ್ಪಾಳೆ ಬಿದ್ದಿರಲಿಲ್ಲ.

ಕವರಿನ ಮೂಲೆ ಹರಿದಿತ್ತು. ಲೈಸೆನ್ಸಿನ ಮೇಲೆ ನಾಲ್ಕು ಹಲ್ಲಿನ ಗುರುತು. ಕರೆಪತ್ರದಲ್ಲಿ ಅಕ್ಕನ ಫೋಟೋದ ಎಡಗಿವಿ ಇರಲಿಲ್ಲ. ಬೆಲ್ಲ ಮಾತ್ರ ಮುಕ್ಕಾಗದೆ ಹಾಗೇ ಇತ್ತು. ಅವ್ವ ಅದನ್ನು ಅಕ್ಕನ ಬಾಯಿಗೆ ಹಾಕಲು ಬಂದಳು, ಅಕ್ಕ ಅದನ್ನು ನನ್ನ ಬಾಯಿಗೆ ತುರುಕಿ ಬೈಕಿನ ಕೀ ಕಿತ್ತುಕೊಂಡಳು. ಪಕ್ಕದ ಹಳೇಕೋಟೆಗೆ ಮದುವೆಗೆ ಹೋಗುವಾಗಲೂ ನಾನೇ ಓಡಿಸುತ್ತೇನೆ ಅಂತ ಹಟ ಮಾಡುವ ನಾನು ತೆಪ್ಪಗೆ ಹಿಂದೆ ಕುಳಿತೆ.

ಹಾಸನದ ಪರೀಕ್ಷೆಯ ಮೈದಾನದ ಗೇಟಿಗೆ ಬಂದಾಗ ಎಂಟೂ ಐವತ್ತು. ಗೇಟಿನ ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತರು ಪತ್ರವನ್ನು ಬೆಳಕಿಗೆ ಹಿಡಿದರು.

"ಏನಮ್ಮ ಇದು?"

"ಕೋತಿ ಕಚ್ಬುಡ್ತು ಸಾ."

ಅವರು ಗಾಬರಿಯಾದರು. "ಎಲ್ಲಿಗೆ? ಇಂಜೆಕ್ಷನ್ ತಗಂಡ್ರಾ?"

"ನಂಗಲ್ಲ ಸಾ. ಲೆಟ್ರುಗೆ."

ಗುಮಾಸ್ತರು ಪತ್ರವನ್ನೂ ಅವಳನ್ನೂ ಎರಡು ಸಲ ನೋಡಿದರು. "ಹಿಂಗೆ ಹರ್ದಿರೋದ್ನೆಲ್ಲ ತಗಂಡ್ರೆ ನಾಳೆ ನನ್ನೇ ಕೇಳ್ತಾರೆ," ಅಂದರು.  ಜಿಲ್ಲೆಯ ದೊಡ್ಡ ಅಧಿಕಾರಿಗಳಲ್ಲಿ ಇಬ್ಬರ ದನಿ ನನಗೆ ಚೆನ್ನಾಗಿ ಬರುತ್ತದೆ. ಗೇಟಿನ ಆಚೆ ಹೋಗಿ ಒಂದು ಫೋನು ಮಾಡಿದ್ದರೆ ಕೆಲಸ ಆಗುತ್ತಿತ್ತು, ಅಥವಾ ಇಬ್ಬರನ್ನೂ ಒಳಗೆ ಹಾಕುತ್ತಿದ್ದರು. ಅಕ್ಕ ಹಿಂದಕ್ಕೆ ತಿರುಗದೆಯೇ ಶೂನಿಂದ ನನ್ನ ಕಾಲು ತುಳಿದಳು.

"ನಂಬರ್ ಸರ್ಯಾಗೈತೆ ಸಾ," ಅಂದಳು. "ಪಟ್ಟೀಲಿ ನೋಡಿ. ಲೈಸೆನ್ಸಲ್ಲಿ ಮಖ ಐತೆ, ಎರಡ್ ಕಿವೀನೂ ಐತೆ."

ಅವರು ಪಟ್ಟಿಯಲ್ಲಿ ಬೆರಳಾಡಿಸಿದರು. ಲೈಸೆನ್ಸಿನ ಫೋಟೋ ನೋಡಿದರು. ಮೀಸೆಯ ಕೆಳಗೆ ನಗು ಬಂತು. "ಈ ಹಿಂದಿರೋದ್ಯಾರು?"

"ತಮ್ಮ ಸಾ. ಕಚ್ಚಿದ್ದು ಇವನಲ್ಲ, ಬೇರೆದು."

ಒಳಗೆ ಬಿಟ್ಟರು. ನಾನು ಬೇಲಿಯ ಆಚೆ ನಿಂತೆ. ಸುಣ್ಣದ ಗೆರೆ, ಕಂಬ, ಕಂಬಗಳ ನಡುವೆ ಹಾವಿನಂಥ ದಾರಿ. ಆ ದಾರಿಯಲ್ಲಿ ಬಸ್ಸನ್ನು ಹಿಂದಕ್ಕೆ ಓಡಿಸಬೇಕು. ಕಂಬ ತಾಗಿದರೆ ಗಂಟೆ ಹೊಡೆಯುತ್ತದೆ. ಅಕ್ಕನಿಗಿಂತ ಮುಂಚೆ ಹೋದ ಮೂವರಿಗೆ ಗಂಟೆ ಹೊಡೆಯಿತು. ಬೇಲಿಯ ಹತ್ತಿರ ಒಬ್ಬ, "ಇನ್ಯಾರ್ಲಾ, ಲೇಡೀಸಾ? ಓಗ್ಲಿ, ಗಂಟೆ ಹೊಡ್ಸ್ಕಂಡು ಬರ್ಲಿ," ಅಂದ. ಅವನ ದನಿಯಲ್ಲೇ ಅವನಿಗೆ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ.

ಅಕ್ಕನ ಬಸ್ಸು ಹೊರಟಿತು. ಮೊದಲ ತಿರುವು. ಎರಡನೆಯದು. ಹಿಂದಿನ ಚಕ್ರ ಗೆರೆಯ ಪಕ್ಕದಲ್ಲಿ, ಗೆರೆಗೆ ಮುತ್ತು ಕೊಡುವಷ್ಟು ಹತ್ತಿರ ಹೋಗಿ, ಕೊಡದೆ ವಾಪಸಾಯಿತು. ಬಸ್ಸು ನಿಂತದ್ದು ಗೊತ್ತೇ ಆಗಲಿಲ್ಲ. ಇಂಜಿನ್ ಆಫ್ ಆಯಿತು. ಗಂಟೆ ಹೊಡೆಯಲಿಲ್ಲ. ಗೋಡೆಯ ಪರದೆಯ ಮೇಲೆ ಅವಳ ನಂಬರು ಹಸಿರಾಗಿ ಬಂತು. ಬೇಲಿಯ ಹತ್ತಿರದವನು ಕೆಮ್ಮಿದ.

ಅವಳು ಇಳಿದು, ರುಜು ಹಾಕಿ, ಗುಮಾಸ್ತರಿಗೆ ನಮಸ್ಕಾರ ಹೇಳಿ, ಮೈದಾನ ದಾಟಿ, ಏನೂ ಆಗದವಳ ಹಾಗೆ ಬೈಕಿನ ತನಕ ಬಂದಳು. ಕೀ ಹಾಕಲು ಹೋದಳು. ಹೋಗಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದಳು. ಕೀ ತೂತಿನ ಸುತ್ತ ಟಕಟಕ ಅಂತ ಬಡಿಯಿತು.

"ಲೇ," ಅಂದಳು, ಕೀಯನ್ನು ನನ್ನ ಕೈಗಿಟ್ಟು. "ನೀನೇ ಓಡ್ಸ್ಲಾ. ಕೈ ನಡುಗ್ತಾವೆ."

ಬೈಕ್ ಹತ್ತಿ ಕೀ ತಿರುಗಿಸಿದೆ.  ನನ್ನ ಬಾಯಿಗೆ ಹತ್ತು ತಮಾಷೆ ಬಂದವು, ಹತ್ತನ್ನೂ ನುಂಗಿದೆ. ಹೊಳೆನರಸೀಪುರದ ತನಕ ಮೂವತ್ತರಲ್ಲೇ ಓಡಿಸಿದೆ. ಗುಂಡಿ ಬಂದಲ್ಲಿ ನಿಧಾನ ಮಾಡಿದೆ, ಬ್ರೇಕನ್ನು ಸೊಪ್ಪಿನ ಲೋಡಿಗೆ ಹಾಕುವ ಹಾಗೆ ಹಾಕಿದೆ. ಹಿಂದೆ ಕುಳಿತವಳು ದಾರಿಯುದ್ದಕ್ಕೂ, "ಗೇರ್ ಬದ್ಲಾಯ್ಸು, ಎಡಕ್ ನೋಡು, ಆ ಟ್ರ್ಯಾಕ್ಟರ್‌ಗೆ ದಾರಿ ಬುಡು," ಅಂತ ಹೇಳುತ್ತಲೇ ಇದ್ದಳು.